ಮೂಗು ಮೇಡಂ ಸಾಕಿದ ಗಂಧರಾಜ

ನನ್ನ ಅತ್ತಿಗೆ ಒಂದು ಕಡೆ ಕೂತ ಹೆಣ್ಣಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಸೋಪಿನ ಕಾರ್ಖಾನೆಗೆ ಸೇರಿದಾಗ ಅವಳ ಕೆಲಸ ಸೋಪಿಗೆ ಕಾಗದ ಸುತ್ತುವುದು. ಒಂದು ದಿನ ಸುತ್ತುತ್ತಿದ್ದವಳು ಕೈ ನಿಲ್ಲಿಸಿ, "ಇವತ್ತಿನ ಸೋಪು ಕಮಟು ಹೊಡೀತಿದೆ" ಅಂದಳಂತೆ. ಮೇಸ್ತ್ರಿ ನಕ್ಕು ಸುಮ್ಮನಾದ. ಸಂಜೆ ನೋಡಿದರೆ ಎರಡು ಪೀಪಾಯಿ ಎಣ್ಣೆ ಕೆಟ್ಟಿತ್ತು. ಮರುವಾರವೇ ಅವಳನ್ನು ವಾಸನೆ ಪರೀಕ್ಷಿಸುವ ಕೋಣೆಗೆ ಹಾಕಿದರು. ಅಲ್ಲಿಯವರು ಇಟ್ಟ ಹೆಸರು ಮೂಗು ಮೇಡಂ. ಕೋಪವೂ ಮೂಗಿನ ತುದಿಯಲ್ಲೇ ಇರುವುದರಿಂದ ಹೆಸರು ಸರಿಯಾಗಿ ಒಪ್ಪಿದೆ ಎಂದು ನಾನು ರೇಗಿಸುತ್ತೇನೆ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವಳು, ಹಾಗಾಗಿ ನಮ್ಮಿಬ್ಬರದು ಹೋಗೇ ಬಾರೇ ಸಲಿಗೆ. ಅಣ್ಣ ಅದೇ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ.

ಈ ವರ್ಷ ಅವಳಿಗೆ ಕೆಟ್ಟ ಜ್ವರ ಬಂತು. ತಿಂಗಳು ಮಲಗಿ ಎದ್ದ ಮೂರನೇ ದಿನ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದಳು. ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿತ್ತು. ಮುಂದಿನ ಕೋಣೆಯಿಂದ ನಾನು ಓಡಿ ಬಂದರೆ ಅವಳು ತಣ್ಣಗೆ, "ಏನಾಯ್ತೇ?" ಅಂದಳು. ಒಲೆಯ ಕಡೆ ಕೈ ತೋರಿಸಿದೆ. ತಿರುಗಿ ನೋಡಿದವಳ ಮುಖ ಬಿಳುಚಿಕೊಂಡಿತು.

ಡಾಕ್ಟರು ಮೂಗಿನೊಳಗೆ ದೀಪ ಹಾಕಿ ನೋಡಿದರು. ಹೋದ ವಾಸನೆಶಕ್ತಿ ಮರಳಿ ಬರಬಹುದು, ಬರದೆಯೂ ಇರಬಹುದು, ಚೆನ್ನಾಗಿ ಗೊತ್ತಿರುವ ವಾಸನೆಗಳನ್ನು ದಿನಾ ಮೂಸುತ್ತಿರಿ ಎಂದರು. ರಜೆ ಉಳಿದದ್ದು ಐದು ವಾರ. ಅಷ್ಟರಲ್ಲಿ ಮೂಗು ಸರಿಯಾಗದಿದ್ದರೆ ಮತ್ತೆ ಕಾಗದ ಸುತ್ತುವ ಮೇಜಿಗೇ. "ಅಲ್ಲಿ ಕೂರೋದಕ್ಕಿಂತ ಮನೇಲಿರೋದು ವಾಸಿ" ಎಂದು ಅಣ್ಣನಿಗೆ ಹೇಳಿದಳು. ಮನೆಯಲ್ಲಿ ಇರುವುದೂ ಅವಳಿಂದ ಆಗಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹಿತ್ತಲಿಂದ ಬೀದಿಬಾಗಿಲಿಗೆ, ಬೀದಿಬಾಗಿಲಿಂದ ಹಿತ್ತಲಿಗೆ. ಕಾಫಿಪುಡಿ ಮೂಸಿದಳು, ಲವಂಗ ಮೂಸಿದಳು, ನನ್ನ ಮೆಷಿನ್ ಎಣ್ಣೆಯ ಡಬ್ಬಿಯನ್ನೂ ಬಿಡಲಿಲ್ಲ. "ಗೋಡೆ ಮೂಸಿದ ಹಾಗಿದೆ" ಅನ್ನುವಳು.

ಕೊನೆಗೆ ಜೀವವೆಲ್ಲ ಹಿತ್ತಲಿನ ಗಂಧರಾಜದ ಮೇಲೆ ಇಟ್ಟಳು. ಗಾರ್ಡೇನಿಯಾ ಎಂದು ಗಿಡದಂಗಡಿಯಲ್ಲಿ ಬೋರ್ಡು ಹಾಕಿ ಮಾರುತ್ತಾರಲ್ಲ, ಅದೇ. ಹನ್ನೊಂದು ವರ್ಷದ ಹಿಂದೆ ಅವಳೇ ಕಡ್ಡಿ ನೆಟ್ಟು ಬೆಳೆಸಿದ್ದು. ಒಂದು ಹೂ ಬಿರಿದರೆ ಸಾಕು, ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕುತ್ತಾರೆ. "ಇದರ ವಾಸನೆ ನಂಗೆ ಬರದೇ ಇರುತ್ತಾ? ಇದು ಬಂದ್ರೆ ಎಲ್ಲಾ ಬರುತ್ತೆ" ಅಂದಳು. ಆಗ ಗಿಡದಲ್ಲಿ ಹತ್ತೊಂಬತ್ತು ಮೊಗ್ಗು.

ಮೊಗ್ಗು ಎಣಿಸುವುದೇ ಅವಳ ಕೆಲಸವಾಯಿತು. ಎಣಿಕೆ ದಿನದಿನಕ್ಕೆ ಇಳಿಯಿತು. ಹದಿನಾಲ್ಕು, ಒಂಬತ್ತು, ಆರು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯಿತು. ಮೊಗ್ಗುಗಳು ಬಿರಿಯುವ ಮೊದಲೇ ತೊಟ್ಟು ಕಳಚಿ ಬೀಳುತ್ತಿದ್ದವು. ಅವಳು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಒರೆಸುವಳು, ಎದ್ದು ಹೋಗುವಳು, ಮತ್ತೆ ಬಂದು ಕೂರುವಳು. ಅದನ್ನು ನೋಡಿ ನೋಡಿ ನನ್ನ ಹೊಲಿಗೆಯೂ ಸೊಟ್ಟಗಾಯಿತು.

ತಡೆಯಲಾರದೆ ಒಂದು ಎಲೆ ಕಿತ್ತುಕೊಂಡು ಗಿಡದಂಗಡಿಗೆ ಹೋದೆ. ಅಂಗಡಿಯವನು ಎಲೆ ನೋಡಿ, "ನೀರು ಯಾವುದು ಹಾಕ್ತೀರಮ್ಮ?" ಅಂದ.

"ಬಟ್ಟೆ ಒಗೆದ ನೀರು" ಅಂದೆ. ನಮ್ಮದು ಸೋಪಿನ ಮನೆ. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ತುಂಡುಗಳು ಚೀಲಗಟ್ಟಲೆ ಬರುತ್ತವೆ. ನೆಲ ಒರೆಸುವುದಕ್ಕೂ ಹುಳ ಓಡಿಸುವುದಕ್ಕೂ ಸೋಪಿನ ನೀರೇ. ಬಟ್ಟೆ ಒಗೆದ ನೀರನ್ನು ಗಿಡಕ್ಕೆ ಹುಯ್ಯದೆ ಚೆಲ್ಲಿದರೆ ನನಗೆ ಸಂಕಟವಾಗುತ್ತದೆ. ದಾಸವಾಳ ಅದನ್ನು ಕುಡಿದು ಸೊಕ್ಕಿ ಬೆಳೆದಿದೆ. ಗಂಧರಾಜಕ್ಕೆ ಮಾತ್ರ ಅತ್ತಿಗೆ ಯಾರನ್ನೂ ಸೇರಿಸದೆ ತಾನೇ ನೀರು ಹಾಕುತ್ತಿದ್ದಳು. ಅವಳು ಮಲಗಿದ ಮೇಲೆ ಹಿತ್ತಲು ನನ್ನ ಪಾಲಿಗೆ ಬಂದಿತ್ತು. ಈಗಲೂ ಅವಳ ಕೈ ಸೋತಿದೆಯೆಂದು ಬೆಳಿಗ್ಗೆ ಬಕೆಟ್ ಹೊರುವವಳು ನಾನೇ.

"ಆ ಗಿಡಕ್ಕೆ ಹುಳಿ ಮಣ್ಣು ಬೇಕು, ಸೋಪು ಅಂದ್ರೆ ವಿಷ" ಎಂದು ಅಂಗಡಿಯವನು ಎಲೆಗೊಬ್ಬರ ಕಟ್ಟಿಕೊಟ್ಟ. "ಮೇಲಿನ ಮಣ್ಣು ತೆಗೆದು ಇದನ್ನ ಹಾಕಿ. ಆಮೇಲೆ ಮುಟ್ಟೋಕೆ ಹೋಗಬೇಡಿ."

ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಒಂದೆರಡು ಹೆಣೆದೂ ಇದ್ದೆ. ಹಿತ್ತಲಿಗೆ ಬಂದು ಅವಳ ಮುಖ ನೋಡಿದಾಗ ಎಲ್ಲ ಬಾಯಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಬುಡದ ಮಣ್ಣು ಹಿಡಿ ತುಂಬ ತೆಗೆದು ಮೂಗಿಗೆ ಹಿಡಿದಳು.

"ಈಗಲೂ ಇದು ಸೋಪು ನಾರುತ್ತಾ?"

"ಹೂಂ. ಘಂ ಅಂತಿದೆ."

"ಎರಡು ವಾರದಿಂದ ಇದರ ಬುಡದಲ್ಲೇ ಕೂತಿದ್ದೀನಿ ಕಣೇ" ಅಂದಳು. ಅಷ್ಟೇ. ಆ ದಿನ ನಾನು ಊಟ ಮಾಡಲಿಲ್ಲ.

ಮಣ್ಣು ಬದಲಾಯಿಸಿದೆವು. ಆಗಲೇ ಉದುರುವಷ್ಟು ಉದುರಿತ್ತು, ಉಳಿದದ್ದು ಒಂದೇ ಮೊಗ್ಗು. ಅವಳು ದಿನಕ್ಕೆ ಇಪ್ಪತ್ತು ಸಲ ಹಿತ್ತಲಿಗೆ ಹೋಗುವಳು, ಅವಳ ಹಿಂದೆ ನಾನು, ನಮ್ಮಿಬ್ಬರ ಹಿಂದೆ ಅಣ್ಣ. ಮುಟ್ಟಬೇಡಿ ಅಂದಿದ್ದರಿಂದ ಮೂವರೂ ಕೈ ಕಟ್ಟಿಕೊಂಡು ನಿಲ್ಲುವೆವು. ರಜೆಯ ಕೊನೆಯ ವಾರವೂ ಬಂತು. ಮೊಗ್ಗಿನ ತುದಿ ಬೆಳ್ಳಗಾಗಿತ್ತು, ಬಿಚ್ಚಿಕೊಳ್ಳುವ ಅವಸರವೇ ಇರಲಿಲ್ಲ.

ಕೊನೆಯ ಭಾನುವಾರ ಬೆಳಿಗ್ಗೆ ನಾನು ಹಿತ್ತಲ ಬಾಗಿಲು ತೆಗೆದ ಕೂಡಲೇ ಘಮ ಬಂದು ಗೊತ್ತಾಯಿತು. ಅತ್ತಿಗೆ ಬಂದಳು, ಹೂವನ್ನು ಕೀಳದೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಅಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಿಂತುಬಿಟ್ಟ. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

ಇದ್ದಕ್ಕಿದ್ದಂತೆ ಅವಳು ತಲೆ ಹಿಂದಕ್ಕೆಳೆದುಕೊಂಡು ಮುಖ ಸಿಂಡರಿಸಿದಳು. "ಥೂ. ಸುಟ್ಟ ರಬ್ಬರ್ ನಾರ್ತಿದೆ."

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಅವಳು ಮತ್ತೆ ಬಗ್ಗಿದಳು, ಮತ್ತೆ ಥೂ ಅಂದಳು. ಮೂರನೇ ಸಲ ಬಗ್ಗಿದಾಗ ಅವಳ ಕಣ್ಣಲ್ಲಿ ನೀರು. "ನಾರ್ತಿದೆ ಕಣೇ, ಹೊಟ್ಟೆ ತೊಳಸೋ ಹಾಗೆ" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

ಅಣ್ಣ ಡಾಕ್ಟರಿಗೆ ಫೋನ್ ಮಾಡಿದ. ನರ ಚಿಗುರುವಾಗ ಮೊದಮೊದಲು ವಾಸನೆ ಹೀಗೆ ಅಡ್ಡಾದಿಡ್ಡಿಯಾಗಿ ಬರುವುದುಂಟು, ಒಳ್ಳೆಯ ಲಕ್ಷಣ, ಆದರೆ ಸರಿಹೋಗಲು ತಿಂಗಳುಗಳೇ ಹಿಡಿಯಬಹುದು ಅಂದರಂತೆ. ಅತ್ತಿಗೆ ಆಗಲೇ ರಜೆ ಅರ್ಜಿ ಬರೆಯಲು ಪೆನ್ನು ಹುಡುಕುತ್ತಿದ್ದಳು. "ನಾಳೆ ಹೋಗಿ ಇನ್ನೂ ಸ್ವಲ್ಪ ದಿನ ಕೊಡಿ ಅಂತ ಕೇಳ್ತೀನಿ. ಇಲ್ಲೀವರೆಗೂ ಏನಂತ ಕೇಳೋದು, ಕೇಳೋಕೆ ಬಾಯೇ ಇರಲಿಲ್ಲ."

ನಾನು ಹಿತ್ತಲಿಗೆ ಹೋದೆ. ಪಾಪ, ಅವಳಿಗೆ ಹೇಸಿಗೆಯಾದರೆ ನಾನೇ ಮುಡಿದುಕೊಳ್ಳೋಣ ಎಂದು ಹೂವಿಗೆ ಕೈ ಹಾಕಿದೆ. ಹಿಂದಿನಿಂದ ಬಂದು ಕೈ ಮೇಲೆ ಫಟ್ಟನೆ ಹೊಡೆದಳು.

"ಕೀಳಬೇಡ. ಸಂಜೆಗೂ ನಾರುತ್ತಾ ನೋಡಬೇಕು."