ಜೀಪಿನಿಂದ ಇಳಿಯದ ದೊಡ್ಡಮ್ಮ

“ಇಂಜಿನ್ ಆಫ್ ಮಾಡ್ರಿ, ಪೆಟ್ರೋಲ್ ಹಾಕ್ತೀನಿ,” ಅಂದ ಹೊನ್ನಾಳಿಯ ಬಂಕಿನವನು.

“ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲಪ್ಪ,” ಅಂದೆ ನಾನು.

“ಆಫ್ ಮಾಡದಿದ್ರೆ ಪೆಟ್ರೋಲ್ ಹಾಕಾಕೆ ಬರಲ್ಲ.”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಹದಿನಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿರುವ ನನಗೆ ಏನೂ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮುನೀರ್ ಸಾಬರಿಗೆ ಹೊಳೆಯಿತು. “ಮೇಷ್ಟ್ರೆ, ಮುಂದೆ ಒಂದು ಇಳಿಜಾರು ಐತೆ. ಅಲ್ಲಿ ನಿಲ್ಸಿ ಆಫ್ ಮಾಡ್ರಿ. ನಾನು ಕ್ಯಾನ್‌ನಾಗೆ ತರ್ತೀನಿ.”

ಹಾಗೇ ಮಾಡಿದೆವು. ಬ್ರೇಕ್ ಬಿಟ್ಟೆ, ಜೀಪು ಉರುಳಿತು. ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಎರಡು ಸಲ ಕೆಮ್ಮಿ ಎದ್ದಿತು.

ನಾನು ಹಳೇ ಜೀಪು ಕೊಂಡ ವಿಷಯ ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. (ಚನ್ನಗಿರಿಯಲ್ಲಂತೂ ಗೊತ್ತಿಲ್ಲದವರಿಲ್ಲ. ಬೆಳಗಾದರೆ ತಳ್ಳುವುದಕ್ಕೆ ಬೀದಿಯವರನ್ನೆಲ್ಲ ಕರೆಯುತ್ತೇನಲ್ಲ!) ಮಿಲಿಟರಿಯಲ್ಲಿ ದುಡಿದು, ಆಮೇಲೆ ಯಾವುದೋ ತೋಟದವರ ಕೈಯಲ್ಲಿ ದುಡಿದು, ಕೊನೆಗೆ ನನ್ನ ಪಾಲಿಗೆ ಬಂದ ಫೋರ್ ವೀಲ್ ಡ್ರೈವ್. ಸ್ಟಾರ್ಟರ್ ಇಲ್ಲ, ತಿರುವಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಕಳೆದುಹೋಗಿದೆ, ಹಾರ್ನ್ ಇದೆ ಆದರೆ ಅದು ಬಲಕ್ಕೆ ತಿರುಗಿದಾಗ ಮಾತ್ರ ತಾನಾಗಿಯೇ ಹೊಡೆದುಕೊಳ್ಳುತ್ತದೆ. ನನ್ನ ಹೆಂಡತಿ ಇದುವರೆಗೂ ಅದರೊಳಗೆ ಕಾಲಿಟ್ಟಿಲ್ಲ. ರಿಪೇರಿ ಮಾಡುವ ಮುನೀರ್ ಸಾಬರಿಗೆ ಮಾತ್ರ ಅದರ ಮೇಲೆ ಪ್ರಾಣ. “ಬಾಡಿ ಲೋಹ ನೋಡ್ರಿ ಮೇಷ್ಟ್ರೆ, ಬಾಡಿ ಲೋಹ!” ಅನ್ನುತ್ತಾರೆ. ಲೋಹ ನೋಡುತ್ತಾ ಕೂತರೆ ಊರು ಮುಟ್ಟುತ್ತೇವೆಯೇ?

ದಸರಾ ರಜೆಯಲ್ಲಿ ಇಂಥ ಗಾಡಿಯನ್ನು ನಾನು ಜಗಳೂರಿಗೆ ಹೊರಡಿಸಿದ್ದೆ. ಕಾರಣ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ ಗಂಗಮ್ಮ. ಇರುವುದು ನ್ಯಾಮತಿಯಲ್ಲಿ. ನಮ್ಮಮ್ಮನ ತಂಗಿ, ಅಂದರೆ ಚಿಕ್ಕಮ್ಮ, ಜಗಳೂರಿನಲ್ಲಿ. ಇವರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ದೊಡ್ಡಪ್ಪನನ್ನು ಮೊದಲ ಪಂಕ್ತಿಗೆ ಕೂರಿಸಲಿಲ್ಲವಂತೆ. ಎರಡನೇ ಪಂಕ್ತಿಗೆ ಕೂತಾಗ ಪಾಯಸ ಮುಗಿದಿತ್ತಂತೆ. “ನನ್ನ ಗಂಡನಿಗೆ ಬರೀ ಅನ್ನ ಸಾರು ಹಾಕಿದ ಮನೆ ಹೊಸ್ತಿಲು ಇನ್ನು ತುಳಿಯಾಕಿಲ್ಲ,” ಅಂತ ದೊಡ್ಡಮ್ಮ ಮನೆದೇವರ ಮೇಲೆ ಆಣೆ ಹಾಕಿ ಎದ್ದು ಬಂದರು. ಅಷ್ಟೇ. ಮಕ್ಕಳು ಮೊಮ್ಮಕ್ಕಳು ಹೋಗಿ ಬಂದು ಮಾಡುತ್ತಾರೆ, ಇವರಿಬ್ಬರು ಮಾತ್ರ ಇಲ್ಲ. ನಡುವಿನವಳಾದ ನಮ್ಮಮ್ಮ ಇದ್ದಿದ್ದರೆ ಹೇಗೋ ರಾಜಿ ಮಾಡಿಸುತ್ತಿದ್ದಳು. ಅವಳು ಹೋಗಿಬಿಟ್ಟಳು.

ಮೊನ್ನೆ ಜಗಳೂರಿನಿಂದ ಚಿಕ್ಕಮ್ಮನ ಮಗನ ಇನ್‌ಲ್ಯಾಂಡ್ ಲೆಟರ್ ಬಂತು. ಅವ್ವನಿಗೆ ಕಣ್ಣಿನ ಆಪರೇಷನ್ ಆಗಿದೆ, ಒಂದು ಕಣ್ಣಿಗೆ ಕಟ್ಟು ಹಾಕಿದ್ದಾರೆ, ಸುಮ್ಮನೆ ಕೂತು ಅಳುತ್ತಾಳೆ, ಡಾಕ್ಟರು ಅಳಬಾರದು ಅಂದಿದ್ದಾರೆ ಅಂತ. ನಾನು ನ್ಯಾಮತಿಗೆ ಹೋಗಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಎಸೆದು, “ನೀನು ಜೀಪು ತಗಂಡಿಯಂತಲ್ಲ, ಹೆಂಗೈತೆ?” ಅಂದರು.

“ಐತೆ ದೊಡ್ಡಮ್ಮ.”

“ನಾನು ಜೀಪಿನಾಗೆ ಕೂತೇ ಇಲ್ಲ. ಒಂದ್ಸಲ ಕೂತು ನೋಡಬೇಕು. ಎಲ್ಲಿಗಾದ್ರೂ ಸೈ. ಜಗಳೂರು ಕಡೆಗೇ ಹೋದ್ರೂ ಸೈ.”

ಬಸ್ಸಿನಲ್ಲಿ ಹೋದರೆ ತಾನಾಗಿ ಹೋದಂತೆ. ಜೀಪಿನಲ್ಲಿ ಹೋದರೆ ನಾನು ಎತ್ತಿಹಾಕಿಕೊಂಡು ಹೋದಂತೆ. ವ್ಯತ್ಯಾಸ ಗೊತ್ತಾಯಿತಲ್ಲ?

ಅಂತೂ ಹೊನ್ನಾಳಿಯ ಪೆಟ್ರೋಲ್ ಪ್ರಸಂಗ ಮುಗಿಸಿ ನಾವು ನ್ಯಾಮತಿ ಮುಟ್ಟಿದಾಗ ದೊಡ್ಡಮ್ಮ ಆಗಲೇ ರೇಷ್ಮೆ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ತುಪ್ಪದ ಡಬ್ಬಿ, ಒಂದು ಚಕ್ಕುಲಿ ಡಬ್ಬಿ. “ದಾರಿಗೆ,” ಅಂದರು. ನಾನು ಇಂಜಿನ್ ಓಡುತ್ತಿರುವಾಗಲೇ ಅವರನ್ನು ಮುಂದಿನ ಸೀಟಿಗೆ ಹತ್ತಿಸಿದೆ. ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: “ಆವತ್ತು ಮೊದಲನೇ ಪಂಕ್ತಿಗೆ ಕರೆದಿದ್ರು ಕಣೋ. ನಾನೇ ಬೀಡಿ ಸೇದಾಕೆ ಹೋಗಿದ್ದೆ. ಇವಳಿಗೆ ಹೇಳಬ್ಯಾಡ.”

ಹನ್ನೊಂದು ವರ್ಷ! ಒಂದು ಬೀಡಿಗೆ!

ಮತ್ತೆ ಹೊನ್ನಾಳಿಗೆ ಬಂದು ಸೇತುವೆ ದಾಟುವಾಗ ದೊಡ್ಡಮ್ಮ ತುಂಗಭದ್ರೆಗೆ ಕೈ ಮುಗಿದರು. ಆಮೇಲೆ ತಮ್ಮ ಷರತ್ತು ಹೇಳಿದರು. “ನಾನು ಇಳಿಯಾಕಿಲ್ಲ. ನೀನು ಒಳಗೆ ಹೋಗಿ ಹೆಂಗಿದಾಳೆ ನೋಡ್ಕೊಂಡು ಬಾ. ಜೀಪಿನಾಗೆ ಕೂತು ಬಂದೆ ಅಂದ್ರೆ ಆಣೆ ಮುರಿದಂಗೆ ಆಗಾಕಿಲ್ಲ.” ಕಾನೂನು ಓದಿದ್ದರೆ ಎಲ್ಲಿರುತ್ತಿದ್ದರೋ.

ಮಲೇಬೆನ್ನೂರು, ಹರಿಹರ, ದಾವಣಗೆರೆ. ಮುನೀರ್ ಸಾಬರಿಗೆ ಆ ದಾರಿಯ ಇಳಿಜಾರುಗಳೆಲ್ಲ ಬಾಯಿಪಾಠ. ಎಲ್ಲಿ ಟೀ ಕುಡಿಯಬೇಕು ಅನ್ನುವುದನ್ನು ನಮ್ಮ ಹಸಿವಲ್ಲ, ರಸ್ತೆಯ ಇಳಿಜಾರು ತೀರ್ಮಾನಿಸುತ್ತಿತ್ತು. ಒಳ್ಳೆಯ ಹೋಟೆಲುಗಳೆಲ್ಲ ಸಪಾಟು ಜಾಗದಲ್ಲೇ ಇರುತ್ತವೆ, ಗಮನಿಸಿದ್ದೀರಾ? ಹಸಿವು ತಾಳದೆ ನಾನು ಚಕ್ಕುಲಿ ಡಬ್ಬಿಗೆ ಕೈ ಹಾಕಿದೆ. ದೊಡ್ಡಮ್ಮ ಪಟ್ಟನೆ ಕೈಗೆ ಹೊಡೆದರು.

“ದಾರಿಗೆ ಅಂದ್ರಲ್ಲ?”

“ಇನ್ನೂ ದಾರಿ ಐತೆ. ಮುಚ್ಚಿಕೊಂಡು ಓಡಿಸು.”

ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಸಣ್ಣ ಕೀಲಿ ನೇತಾಡುತ್ತಿತ್ತು. ಇದೇನು ಅಂತ ಅವರು ಕೇಳಿದಾಗ ಹಿಂದಿನಿಂದ ಮುನೀರ್ ಸಾಬರು ಕೂಗಿಕೊಂಡರು: “ಅದನ್ನ ಮುಟ್ಟಬ್ಯಾಡ್ರಿ ಅಮ್ಮಾರೆ! ತಿರುವಿದ್ರೆ ಗಾಡಿ ನಿಂತೋಗ್ತೈತೆ!”

ಜಗಳೂರು ಇನ್ನು ಸ್ವಲ್ಪ ದೂರ ಇರುವಾಗ ಒಂದು ಮೋರಿ ರಿಪೇರಿ ನಡೆದಿತ್ತು. ಪಕ್ಕದ ಹಳ್ಳದಲ್ಲಿ ಇಳಿದು ಹತ್ತಬೇಕು. ಹಿಂದಿನ ದಿನದ ಮಳೆಗೆ ಕಪ್ಪು ಮಣ್ಣು ಅಂಟು ಅಂಟಾಗಿ ಕೂತಿತ್ತು. ಒಂದು ಬಸ್ಸು ಮುಂದೆ ಹೋಗಲಾರದೆ ದಡದಲ್ಲೇ ನಿಂತಿತ್ತು. ಪ್ರಯಾಣಿಕರೆಲ್ಲ ಇಳಿದು ನಮ್ಮನ್ನೇ ನೋಡುತ್ತಿದ್ದರು. ಮುನೀರ್ ಸಾಬರ ಕಣ್ಣು ಹೊಳೆಯಿತು. “ಹಾಕ್ರಿ ಮೇಷ್ಟ್ರೆ, ಫೋರ್ ವೀಲ್!”

ಹಾಕಿದೆ. ಏನು ಹೇಳಲಿ! ನಾಲ್ಕೂ ಚಕ್ರ ಮಣ್ಣು ಕಚ್ಚಿಕೊಂಡು, ಆನೆ ಹತ್ತಿದ ಹಾಗೆ ಹತ್ತಿತು. ಬಸ್ಸಿನವರು ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಅತ್ತಿತ್ತ ತಲೆಯಾಡಿಸಿ ಚಪ್ಪಾಳೆ ಸ್ವೀಕರಿಸಿದರು.

ಆಮೇಲೆ ಫೋರ್ ವೀಲಿನ ಲಿವರ್ ಹಿಂದಕ್ಕೆ ಬರಲಿಲ್ಲ. ನಾನು ಎಳೆದೆ. ಮುನೀರ್ ಸಾಬರು ಎಳೆದರು. ಅದು ಜಪ್ಪಯ್ಯ ಅನ್ನಲಿಲ್ಲ. ಹೀಗಾಗಿ ನಾವು ಜಗಳೂರನ್ನು ಪ್ರವೇಶಿಸಿದ್ದು ಎತ್ತಿನ ಗಾಡಿಯ ಸ್ಪೀಡಿನಲ್ಲಿ, ಅಕ್ಕಿ ಗಿರಣಿಯ ಸದ್ದಿನಲ್ಲಿ. ಚಿಕ್ಕಮ್ಮನ ಬೀದಿಗೆ ತಿರುಗಿದಾಗ (ಬಲಕ್ಕೆ, ಆದ್ದರಿಂದ ಹಾರ್ನ್ ಸಮೇತ) ಮನೆಮನೆಯಿಂದ ಜನ ಹೊರಗೆ ಬಂದರು. ಗುಟ್ಟಾಗಿ ಬಂದು ಗುಟ್ಟಾಗಿ ಹೋಗುವ ದೊಡ್ಡಮ್ಮನ ಪ್ಲಾನು ಅಲ್ಲಿಗೆ ಮುಗಿಯಿತು.

ಚಿಕ್ಕಮ್ಮನೂ ಬಾಗಿಲಿಗೆ ಬಂದಿದ್ದರು. ಎಷ್ಟು ಸಣ್ಣಗಾಗಿದ್ದರು! ಬಲಗಣ್ಣಿಗೆ ಬಿಳಿ ಕಟ್ಟು, ಅದರ ಮೇಲೆ ಹಸಿರು ಬಟ್ಟೆ. ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನು ಕೇಳಿದರು, ಇಡೀ ಬೀದಿಗೆ ಕೇಳುವಂತೆ: “ಜೀಪಿನಾಗೆ ಇನ್ಯಾರು ಬಂದಾರಪ್ಪ? ನನಗೆ ಕಣ್ಣು ಕಾಣಾಕಿಲ್ಲ.”

ದೊಡ್ಡಮ್ಮ ಸೀಟಿನಿಂದಲೇ ನನಗೆ ಹೇಳಿದರು: “ಕಣ್ಣು ಕಾಣಾಕಿಲ್ವಂತೆ. ನೋವು ಐತಾ ಕೇಳು.”

“ನೋವಿದ್ರೆ ಯಾರಿಗೇನು ಅಂತ ಹೇಳಪ್ಪ.”

“ಅಳಬಾರದು ಅಂತ ಡಾಕ್ಟರು ಹೇಳಿಲ್ವೇನು ಕೇಳು.”

ನಾನು ಜೀಪಿನಿಂದ ಇಳಿದು ಇಬ್ಬರ ನಡುವೆ ನಿಂತು ಆಕಡೆ ಈಕಡೆ ಕತ್ತು ತಿರುಗಿಸಿದೆ. ಹೇಳುವ ಅಗತ್ಯವೇ ಇರಲಿಲ್ಲ, ಅವರಿಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಬೇಕಿತ್ತು. ಮುನೀರ್ ಸಾಬರು ಜೀಪಿನ ಅಡಿಗೆ ನುಗ್ಗಿ ಲಿವರ್ ಬಿಡಿಸಲು ಒದ್ದಾಡುತ್ತಿದ್ದರು. ಚಿಕ್ಕಮ್ಮ ಮುಖ ತಿರುಗಿಸಿದರು. ದೊಡ್ಡಮ್ಮ ರಸ್ತೆ ಕಡೆ ನೋಡುತ್ತಾ ಕೂತರು. ಇನ್ನು ಹೊರಡುವುದೊಂದೇ ಬಾಕಿ ಅಂತ ನನಗೆ ಅನ್ನಿಸಿತು. ಚಿಕ್ಕಮ್ಮನ ಕೈ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿತ್ತು.

ಅಷ್ಟರಲ್ಲಿ ಇಂಜಿನ್ ಗಕ್ಕನೆ ನಿಂತಿತು.

“ಅಲ್ಲಾ!” ಅಂತ ಕೆಳಗಿನಿಂದ ಸದ್ದು ಬಂತು. ಮುನೀರ್ ಸಾಬರು ಹೊರಗೆ ಬಂದು ತಲೆ ಮೇಲೆ ಕೈ ಹೊತ್ತರು. ಬೀದಿ ಸಪಾಟು. ಇಳಿಜಾರು ಮೈಲಿಗಟ್ಟಲೆ ಇಲ್ಲ. “ತಳ್ಳಬೇಕು. ಫೋರ್ ವೀಲ್ ಬೇರೆ ಬಿದ್ದೈತೆ, ಭಾರ ಬರ್ತೈತೆ. ಅಮ್ಮಾರೆ, ತಪ್ಪು ತಿಳಿಬ್ಯಾಡ್ರಿ, ನೀವು ಇಳೀಲೇಬೇಕು.”

“ಏನು ಮಾಡಾಕಾಗ್ತೈತೆ, ಗಾಡಿ ಕೆಟ್ಟೈತಲ್ಲ,” ಅಂತ ಗೊಣಗುತ್ತಾ ದೊಡ್ಡಮ್ಮ ಇಳಿದರು. ಇಳಿದವರು ಸುಮ್ಮನೆ ನಿಲ್ಲಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿ ತಾವೂ ಹಿಂದಿನಿಂದ ಕೈ ಹಚ್ಚಿದರು. ಬೀದಿಯವರು ಎಂಟು ಹತ್ತು ಜನ ಸೇರಿದರು. ನಾನು ಸ್ಟಿಯರಿಂಗ್ ಹಿಡಿದೆ. ಜೀಪು ಅಲುಗಲಿಲ್ಲ.

ಆಗ ಚಿಕ್ಕಮ್ಮ ಮೆಟ್ಟಿಲು ಇಳಿದರು. ತಡವರಿಸಿಕೊಂಡು ಬಂದು, ಜೀಪಿನ ಬಾಡಿ ಸವರಿಕೊಂಡು ಹಿಂದಕ್ಕೆ ಹೋಗಿ, ಅಕ್ಕನ ಪಕ್ಕದಲ್ಲೇ ನಿಂತು ಕೈ ಹಚ್ಚಿದರು.

“ಏ ಮುಂಡೇದೇ, ಕಣ್ಣು ಆಪರೇಷನ್ ಆಗಿರೋಳು ಗಾಡಿ ತಳ್ತಾಳೇನೇ!” ದೊಡ್ಡಮ್ಮ ಗದರಿಸಿದರು. ಹನ್ನೊಂದು ವರ್ಷಕ್ಕೆ ಮೊದಲ ನೇರ ಮಾತು.

“ಕಣ್ಣಿಲ್ಲದಿದ್ರೆ ಕೈ ಇಲ್ವಾ, ಸುಮ್ಕೆ ತಳ್ಳಕ್ಕ.”

ದೊಡ್ಡಮ್ಮ ತಳ್ಳಲಿಲ್ಲ. ತಂಗಿಯ ರಟ್ಟೆ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ನಾವು ಇನ್ನೂ ನಾಲ್ಕು ಜನರನ್ನು ಸೇರಿಸಿಕೊಂಡು ಜೀಪನ್ನು ಬೀದಿಯ ಆ ತುದಿಗೆ ತಳ್ಳಿಕೊಂಡು ಹೋದೆವು, ಈ ತುದಿಗೆ ತಂದೆವು. ಸ್ಟಾರ್ಟ್ ಆಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಕೆಳಗೆ ನೋಡಿದೆ. ಕೀಲಿ ಆಫ್ ಆಗಿತ್ತು.

ನಾನು ಮುಟ್ಟಿರಲಿಲ್ಲ. ಇಂಜಿನ್ ನಿಂತಾಗ ಸಾಬರು ಜೀಪಿನ ಅಡಿಯಲ್ಲಿದ್ದರು. ತಿರುಗಿ ನೋಡಿದರೆ ಬೀದಿಯಲ್ಲಿ ದೊಡ್ಡಮ್ಮನೂ ಇಲ್ಲ, ಚಿಕ್ಕಮ್ಮನೂ ಇಲ್ಲ, ಸೀಟಿನ ಮೇಲೆ ಡಬ್ಬಿಗಳೂ ಇಲ್ಲ.

ಒಳಗೆ ಹೋದೆ. ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬಿ ತೆರೆದಿತ್ತು. “ಹೊಸ್ತಿಲು?” ಅಂತ ಮೆಲ್ಲಗೆ ಕೇಳಿದೆ. “ಹಿತ್ತಿಲ ಬಾಗಿಲಿಂದ ಬಂದೆ. ಆಣೆ ಹಾಕಿದ್ದು ಮುಂಬಾಗಿಲಿಂದು,” ಅಂದರು ದೊಡ್ಡಮ್ಮ, ಕಣ್ಣು ಮಿಟುಕಿಸದೆ.

ಚಿಕ್ಕಮ್ಮ ಚಕ್ಕುಲಿ ಮುರಿಯುತ್ತಾ ಹೇಳಿದರು: “ಆವತ್ತು ಭಾವನಿಗೆ ಅಂತ ಒಂದು ಬಟ್ಟಲು ಪಾಯಸ ಎತ್ತಿಟ್ಟಿದ್ದೆ ಕಣಕ್ಕ. ತಗಂಡು ಬರೋ ಅಷ್ಟರಾಗೆ ನೀನು ಎದ್ದು ಹೋಗಿದ್ದೆ.”

ದೊಡ್ಡಮ್ಮ ಚಕ್ಕುಲಿ ಡಬ್ಬಿಯ ಮುಚ್ಚಳ ಹಾಕಿ ತೆಗೆದರು. ಆಮೇಲೆ, “ಏನು ಮಾಡಿದೆ ಅದನ್ನ?” ಅಂದರು.

“ಮರುದಿನ ಹುಳಿ ಬಂದಿತ್ತು. ಎಮ್ಮೆಗೆ ಹಾಕಿದೆ.”

“ಅದಾದ್ರೂ ಚೆನ್ನಾಗಿ ತಿಂತಾ?”

ಇಬ್ಬರೂ ನಗತೊಡಗಿದರು. ನಗುತ್ತಾ ಅಳತೊಡಗಿದರು. ಡಾಕ್ಟರು ಬೇಡ ಅಂದಿದ್ದಾರೆ ಅಂತ ಒಬ್ಬರನ್ನೊಬ್ಬರು ಗದರಿಸಿಕೊಂಡರು. ನಾನು ಹೊರಗೆ ಬಂದೆ.

ದೊಡ್ಡಮ್ಮ ಅಲ್ಲೇ ಉಳಿದರು. ಕಟ್ಟು ಬಿಚ್ಚುವ ತನಕ ಇರುತ್ತಾರಂತೆ. ಮರುದಿನ ಬೆಳಿಗ್ಗೆ ಲಿವರ್ ಬಿಡಿಸಿಕೊಂಡು, ಬೀದಿಯವರಿಂದ ತಳ್ಳಿಸಿಕೊಂಡು, ನಾನೂ ಸಾಬರೂ ಹೊರಟೆವು. ಕೀಲಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ. (ನಿಮಗೆ ಹೇಳಿದ್ದೇನೆ. ಈ ಅಂಕಣವನ್ನು ದೊಡ್ಡಮ್ಮ ಓದುವುದಿಲ್ಲ ಅನ್ನುವ ಧೈರ್ಯದಿಂದ.)

ರಜೆ ಮುಗಿದು ಶಾಲೆ ಶುರುವಾದ ದಿನ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದೆ. ಎಲ್ಲರೂ ನಕ್ಕರು. ನಮ್ಮ ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. “ಬರೋ ಭಾನುವಾರ ನಿಮ್ಮ ಜೀಪು ಬೇಕಾಗಿತ್ತು. ಹೊನ್ನಾಳಿಯಲ್ಲಿ ನಮ್ಮ ತಮ್ಮ ಇದಾನೆ. ಮನೆ ಕಟ್ಟಿಸಿ ನಾಲ್ಕು ವರ್ಷ ಆಯ್ತು, ನಾನಿನ್ನೂ ನೋಡಿಲ್ಲ.”

“ತಗೊಂಡು ಹೋಗಿ ಸಾರ್. ಹೊಸ ಸ್ಟಾರ್ಟರ್ ಹಾಕಿಸಿಯೇ ಕೊಡ್ತೀನಿ.”

ಅವರು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. “ಬ್ಯಾಡ ಬ್ಯಾಡ, ಈಗ ಹೆಂಗೈತೋ ಹಂಗೇ ಇರ್ಲಿ!”

ಅದಿರಲಿ, ನೀವು ಯಾರ ಹತ್ತಿರ ಮಾತು ಬಿಟ್ಟು ಎಷ್ಟು ವರ್ಷವಾಯಿತು?