ಜವಾರಿ ಕಾರು

ನಮ್ಮ ಮಾವನವರು ಯಾವತ್ತೂ ಯಾವುದಕ್ಕೂ ಬೇಡ ಎಂದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೈಲಹೊಂಗಲದ ಅರ್ಧ ಊರು ನನ್ನ ಮೇಲೆ ಏರಿಬರುತ್ತದೆ. ಸೊಸೆಗೆ ಬಿ.ಎಡ್. ಓದಿಸಿದವರು ಅವರೇ, ಅದನ್ನು ಹತ್ತಿ ಪೇಟೆಯ ತುಂಬ ಡಂಗುರ ಸಾರಿದವರೂ ಅವರೇ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕಿತ್ತೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಅವತ್ತು ಮಾವನವರು ಮನೆ ಮನೆಗೆ ಪೇಡೆ ಕಳಿಸಿದರು. ಹೆಡ್‌ಮಾಸ್ತರರು ಮಾತ್ರ ಬೇಸಿಗೆ ಸೂಟಿಗೆ ಮುಂಚೆಯೇ ನನ್ನನ್ನು ಕರೆದು ಹೇಳಿದ್ದರು: "ಜೂನದಾಗ ಸಾಲಿ ಸುರು ಆಗೂ ದಿವಸ ನೀವು ಬಂದ್ರ ನೌಕರಿ ನಿಮ್ಮದು. ಬರಲಿಲ್ಲಂದ್ರ ಇನ್ನೊಬ್ಬರು ಕಾಯಾಕ ಹತ್ಯಾರ ನೋಡ್ರಿ."

ಕಿತ್ತೂರಿಗೆ ಬಸ್ಸು ಇದ್ದವು. ಆದರೆ ಮಾವನವರಿಗೆ ಬಸ್ಸು ಒಗ್ಗಲಿಲ್ಲ.

"ನಮ್ಮ ಮನಿ ಸೊಸಿ ಬಸ್ಸಿನ್ಯಾಗ ಜೋತಾಡಕೋತ ಹೋಗೂದಂದ್ರ ಏನು? ಕಾರ್ ತರತೇನಿ, ನೀನ ನಡಸಕೊಂಡು ಹೋಗವಾ. ನಂದೇನೂ ಅಡ್ಡಿ ಇಲ್ಲ," ಎಂದರು.

ನನಗೆ ಸ್ವರ್ಗಕ್ಕೆ ಮೂರೇ ಗೇಣು. ತವರಿನಲ್ಲಿದ್ದಾಗ ಅಣ್ಣನ ಜೀಪಿನ ಮೇಲೆ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ, ಅದು ಟ್ರಂಕಿನ ತಳದಲ್ಲಿ ಮಲಗಿತ್ತು. ಹೊರಗೆ ತೆಗೆದು ಒರೆಸಿಟ್ಟೆ. ಅಷ್ಟರಲ್ಲಿ ಮಾವನವರು ಎಲೆ ಅಡಿಕೆ ಹಾಕಿಕೊಂಡು ಒಂದು ಮಾತು ಸೇರಿಸಿದರು: "ಆದ್ರ ಕಾರ್ ಜವಾರಿ ಇರಬೇಕು."

ಜವಾರಿ ಎಂದರೆ ನಮ್ಮ ಕಡೆ ದೊಡ್ಡ ಮರ್ಯಾದೆಯ ಮಾತು. ಊರ ಕೋಳಿ, ಊರ ಆಕಳು, ಅಜ್ಜಿ ಕಾಲದ ಬೀಜದ ಬದನೆಕಾಯಿ, ಈ ನೆಲದ್ದೇ ಆದದ್ದೆಲ್ಲ ಜವಾರಿ. ಹೊರಗಿನಿಂದ ಬಂದದ್ದು ಸೀಮೆಯದು, ಅದಕ್ಕೆ ರುಚಿಯೂ ಇಲ್ಲ, ನಿಯತ್ತೂ ಇಲ್ಲ. ಆಗ ನೋಡಿದರೆ ಹೊರದೇಶದ ಕಾರು ಕಂಪನಿಗಳು ದಂಡು ಕಟ್ಟಿಕೊಂಡು ಇಂಡಿಯಾಕ್ಕೆ ಇಳಿಯುತ್ತಿದ್ದವು, ಪೇಪರಿನ ತುಂಬ ಅವುಗಳದ್ದೇ ಜಾಹೀರಾತು. ಮಾವನವರು ಜಪಾನಿನ ಟೇಪ್‌ರೆಕಾರ್ಡರಿನಲ್ಲಿ ವಚನ ಹಾಕಿಕೊಂಡು, ಸೀಮೆ ಆಕಳ ಹಾಲಿನ ಚಹಾ ಕುಡಿಯುತ್ತ, "ದೇಶಾನ ಮಾರಾಟಕ್ಕ ನಿಂತೈತಿ" ಎಂದು ಮರುಗುತ್ತಿದ್ದರು. ಹೊಲದ ತುಂಬ ಪ್ರತಿವರ್ಷ ಹೈಬ್ರಿಡ್ ಹತ್ತಿಯನ್ನೇ ಬೆಳೆಯುತ್ತಿದ್ದರು. ಅದರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ನನ್ನ ಗಂಡನಿಗೆ ಇದನ್ನೆಲ್ಲ ಹೇಳಿದೆ. ಅವರು ಅಪ್ಪನ ಜೊತೆ ಅಂಗಡಿಯಲ್ಲಿ ಕೂರುವವರು, ಅಪ್ಪನ ಮಾತಿಗೆ ಗೋಣು ಹಾಕಿ ಹಾಕಿ ಕುತ್ತಿಗೆ ಸಡಿಲಾಗಿತ್ತು. "ಅಪ್ಪಾ ಹೇಳೂದೂ ಖರೆ ಐತಿ, ನೀ ಹೇಳೂದೂ ಖರೆ ಐತಿ," ಎಂದರು. ಇಂಥ ಗಂಡ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಬಿಡಿ!

ಮೊದಲು ಮೂವರೂ ಬೆಳಗಾವಿಯ ಶೋರೂಮುಗಳಿಗೆ ಹೋದೆವು. ಎತ್ತು ಕೊಳ್ಳುವವರು ಸುಳಿ ನೋಡುವ ಹಾಗೆ ಮಾವನವರು ಕಾರಿನ ಸುತ್ತ ಒಂದು ಸುತ್ತು ಬಂದರು, ಬಾನೆಟ್ಟಿಗೆ ಬಡಿದರು, ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿದರು. ಹಲ್ಲು ಎಣಿಸಲಿಲ್ಲ, ಅಷ್ಟೇ. ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಬೆವರು ಒರೆಸಿಕೊಳ್ಳುತ್ತ ಹಿಂದೆ ಹಿಂದೆ ಓಡಾಡುತ್ತಿದ್ದ.

"ಇದರ ತಳಿ ಯಾವುದಪಾ?"

"ಕಂಪನಿ ನಮ್ಮ ದೇಶದ್ದರಿ ಸಾಹೇಬ್ರ. ಇಂಜಿನ್ ಡಿಸೈನ್ ಅಷ್ಟ ಹೊರಗಿಂದು."

"ಹಂಗಂದ್ರ ಕಸಿ ಕಟ್ಟಿದ್ದು. ಬ್ಯಾಡ."

ಇನ್ನೊಂದು ಶೋರೂಮಿಗೆ ಹೋದೆವು. ಅಲ್ಲಿ ಒಂದು ಪುಟ್ಟ ಬಿಳಿ ಕಾರು ನಿಂತಿತ್ತು. ನಾನು ಒಳಗೆ ಕುಳಿತೆ. ಅಯ್ಯೋ, ಏನು ಹೇಳಲಿ! ಕ್ಲಚ್ಚು ಕಾಲಿಗೆ ಎಟುಕಿತು, ಸ್ಟೀರಿಂಗು ಒಂದೇ ಕೈಗೆ ತಿರುಗಿತು. ಕೂತಲ್ಲೇ ಮನಸ್ಸಿನಲ್ಲಿ ಕಿತ್ತೂರು ಮುಟ್ಟಿ ಹಾಜರಿ ಕೂಗಿಬಿಟ್ಟೆ. ಕಂಪನಿ ಹೊರದೇಶದ್ದು ನಿಜ. ಆದರೆ ಕಾರು ಕಟ್ಟುವುದು ಮದ್ರಾಸಿನ ಹತ್ತಿರವಂತೆ, ಕೆಲವು ಬಿಡಿಭಾಗಗಳು ಇದೇ ಬೆಳಗಾವಿಯ ಫೌಂಡ್ರಿಯಲ್ಲಿ ಎರಕ ಹೊಯ್ದು ಹೋಗುತ್ತವಂತೆ. ಸೇಲ್ಸ್‌ಮನ್ ಅದನ್ನು ಹೇಳಿದ್ದೇ ತಡ, ನಾನು ಗಾಜು ಇಳಿಸಿ, "ಮಾವಾರ, ಕೇಳಿದ್ರೇನ್ರಿ? ಬೆಳಗಾವ್ಯಾಗ ಹುಟ್ಟೇತಂತ!" ಎಂದೆ.

ಮಾವನವರು ನಕ್ಕರು. "ನಮ್ಮ ಕೊಟ್ಟಿಗ್ಯಾಗ ಸೀಮಿ ಆಕಳ ಕರಾ ಹಾಕತೈತಿ. ನಮ್ಮ ಕೊಟ್ಟಿಗ್ಯಾಗ ಹುಟ್ಟೇತಿ ಅಂತ ಅದು ಜವಾರಿ ಆತೇನವಾ?"

ಗಂಡ ಗೋಣು ಹಾಕಿದರು. ನಾನು ಕಾರಿನಿಂದ ಇಳಿದೆ.

ಮುಂದಿನ ವಾರ ರಾಮದುರ್ಗದಲ್ಲಿ ಒಂದು ಹಳೆಯ ಕಾರು ಮಾರಾಟಕ್ಕಿದೆ ಎಂದು ತಿಳಿಯಿತು. ಹಿಂದಿನ ಕಾಲದ ಗುಂಡು ಹೊಟ್ಟೆಯ ದೇಶಿ ಕಾರು. ಮಾವನವರು ಅದನ್ನು ಕಂಡವರೇ ತವರಿನವರನ್ನು ಕಂಡಂತೆ ಕರಗಿಹೋದರು. ಮಾತು ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಮಾರುವ ಯಜಮಾನರು ಇನ್ನಷ್ಟು ರಂಗು ಹಚ್ಚಲು ಹೋಗಿ, "ಸುಮ್ನ ಹಳೇ ಗಾಡಿ ಅನಬ್ಯಾಡ್ರಿ. ಹೋದ ವರ್ಷ ಹಳೇ ಇಂಜಿನ್ ತಗಿಸಿ ಜಪಾನಿಂದು ಕುಂದರಿಸೇನಿ. ಹಿಂಗಾಗಿ ಕುದರಿ ಆಗೇತಿ!" ಎಂದರು. ಮಾವನವರ ಮುಖ ಇಳಿಯಿತು. "ಗುಂಡಿಗಿ ಪರದೇಶದ್ದಾತು," ಎಂದು ಎದ್ದರು.

ಸವದತ್ತಿಯಲ್ಲಿ ಕಡೆಗೂ ಶುದ್ಧ ಜವಾರಿ ಕಾರು ಸಿಕ್ಕಿತು. ಇಂಜಿನ್ ದೇಶಿ, ಗಾಜು ದೇಶಿ, ಒಳಗೆ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಕೋಳಿಯೂ ಜವಾರಿ. ಮಾವನವರು ಸುತ್ತು ಹಾಕಿ, "ಇದು ನೋಡು, ಖರೆ ಬಂಗಾರ," ಎಂದರು. ನನ್ನ ಗಂಡ ಆವತ್ತು ಅದೆಲ್ಲಿಂದ ಧೈರ್ಯ ತಂದರೋ, "ಓಡತೈತೇನ್ರಿ?" ಎಂದು ಕೇಳಿದರು. ಕಾರಿನ ಮಾಲೀಕರು ಸಮಾಧಾನದಿಂದ, "ಓಡಸಿದ್ರ ಯಾಕ ಓಡೂದಿಲ್ರಿ? ಓಡಸೂ ಮಂದಿ ಬೇಕಲ್ಲ," ಎಂದರು. ನಾನು ಕೋಳಿಯ ಕ್ಷಮೆ ಕೇಳಿ ಮುಂದೆ ಕುಳಿತೆ. ಎರಡೂ ಕೈ ಹಚ್ಚಿ ಜಗ್ಗಿದರೂ ಸ್ಟೀರಿಂಗು ಮಿಸುಕಲಿಲ್ಲ.

"ಹೆಣ್ಣಮಕ್ಕಳಿಗೆ ಬಿಗಿ ಇರೂದು ಚಲೋ. ಜೋರ್ ಹೋಗಾಕ ಬರೂದಿಲ್ಲ," ಎಂದರು ಮಾವನವರು.

ಇನ್ನೇನು ಅದನ್ನೇ ಕೊರಳಿಗೆ ಕಟ್ಟುತ್ತಾರೆ ಎಂದು ನಾನು ದೇವರನ್ನು ನೆನೆದೆ. ಆದರೆ ಮಾವನವರಿಗೆ ಹಾರ್ನಿನ ಮೇಲೆ ಸಣ್ಣದಾಗಿ ಏನೋ ವಿಲಾಯತಿ ಹೆಸರು ಕಂಡಿತಂತೆ. ಆ ಕಾರೂ ತಪ್ಪಿತು.

ಹೀಗೆ ಮೇ ಅರ್ಧವಾಯಿತು. ಕೇಳಿದವರಿಗೆಲ್ಲ ಮಾವನವರ ಉತ್ತರ ಒಂದೇ: "ಸೊಸಿಗೆ ಕಾರ್ ನೋಡಾಕ ಹತ್ತೇನ್ರಿ." ಕೇಳಿದವರು ನನ್ನ ಕಡೆ ತಿರುಗಿ, ನಿಮ್ಮಂಥ ಪುಣ್ಯವಂತರಿಲ್ಲ ಎನ್ನುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ತವರಿಗೆ ಹೋಗಿ ಕೂರಬಹುದಿತ್ತು. ಹೂಂ ಎನ್ನುವವರ ಜೊತೆ ಏನಂತ ಜಗಳವಾಡುವುದು?

ಮೇ ಕೊನೆಗೆ ನಾದಿನಿಯ ಮದುವೆ. ಗಂಡಿನ ಕಡೆಯವರು ನೇಸರಗಿಯವರು. ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಏಳುವ ಹೊತ್ತಿಗೆ ಮಂಟಪದ ಮುಂದೆ ಚೆಂಡು ಹೂವಿನ ಹಾರ ಹಾಕಿಕೊಂಡು ಒಂದು ಕಾರು ಬಂದು ನಿಂತಿತು. ಅಳಿಯನಿಗೆ ಮಾವನವರ ಉಡುಗೊರೆ. ನಾನು ಬೆಳಗಾವಿಯಲ್ಲಿ ಕುಳಿತು ಇಳಿದಿದ್ದೆನಲ್ಲ, ಅದೇ ಹೊರದೇಶದ ಕಂಪನಿಯದು. ನಾನು ಕೂತದ್ದಕ್ಕಿಂತ ದೊಡ್ಡದು. ಮಾವನವರು ಸುತ್ತು ಹಾಕಲಿಲ್ಲ, ಬಗ್ಗಲಿಲ್ಲ, ಬಾನೆಟ್ಟು ಎತ್ತಿಸಲಿಲ್ಲ. ತೆಂಗಿನಕಾಯಿ ಒಡೆದು ಕೀಲಿಕೈ ಕೊಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಬೀಗರು, ನೆಂಟರು, ಎಲ್ಲರೂ ನಿಂತಿದ್ದಾರೆ. ನಿಂತರೆ ನಿಲ್ಲಲಿ ಎಂದುಕೊಂಡು ಕೇಳಿಯೇಬಿಟ್ಟೆ: "ಮಾವಾರ, ಇದು ಯಾವ ತಳೀದ್ರಿ?"

ಮಾವನವರು ಒಂದು ಗಳಿಗೆ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಳಿಯಾರ ಆಸೆ ಅದವಾ. ಆಸೆಗೆ ಯಾವ ದೇಶ?" ಎಂದರು. ಬೀಗರು ನಕ್ಕರು, ನನ್ನ ಗಂಡನೂ ನಕ್ಕರು. ನನ್ನ ಆಸೆಗೆ ಮಾತ್ರ ಹುಟ್ಟಿದ ಊರಿನ ದಾಖಲೆ ಬೇಕಾಗಿತ್ತು. ಅಡಿಗೆಯವರ ಕೋಣೆಗೆ ಹೋಗಿ, ಈರುಳ್ಳಿ ಹೆಚ್ಚುವವರ ನಡುವೆ ಕುಳಿತು ಮನಸಾರೆ ಅತ್ತೆ. ಅಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ.

ಸಾಲೆ ಶುರುವಾಗುವ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟೆ. ಮಾವನವರು ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು.

"ಎತ್ತಾಗ ಹೊಂಟಿಯವಾ? ಕಾರ್ ನೋಡಾಕ ಹತ್ತೇನಲ್ಲ. ಧಾರವಾಡದಾಗೊಂದು ಐತಂತ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಒಳಗಿನಿಂದ ಅತ್ತೆ ಬಂದರು. ಮಾವನವರ ಎದುರಿಗೆ ನಿಂತು ಅವರು ಮಾತಾಡಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಆವತ್ತೂ ಮಾವನವರ ಕಡೆ ನೋಡಲಿಲ್ಲ. ರೊಟ್ಟಿ ಬುತ್ತಿಯ ಗಂಟನ್ನು ನನ್ನ ಕೈಗಿಟ್ಟು, ಗಂಟು ಬಿಗಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದರು.

"ಹೋಗವಾ, ಬಸ್ಸಿಗೆ ಹೊತ್ತಾತು," ಎಂದರು. "ನಾ ಈ ಮನಿಗೆ ಬಂದ ಹೊಸದಾಗಿ ಒಂದು ಹೊಲಿಗಿ ಮಿಷನ್ ಕೇಳಿದ್ದೆ. ವಿಲಾಯತಿದು ಬ್ಯಾಡ, ನಮ್ಮ ದೇಶದ್ದ ಚಲೋದು ನೋಡಿ ತರತೇನಿ ಅಂದಿದ್ರು. ಇನ್ನೂ ನೋಡಾಕ ಹತ್ಯಾರ."