ಹತ್ತು ಗುಳಿಗೆಯ ಸ್ಟ್ರಿಪ್ಪು

"ಚೀಲ ತಗಿ, ನೋಡೂಣು."

ಹುಮನಾಬಾದಿನಲ್ಲಿ ನನ್ನ ಅಣ್ಣನ ಮೆಡಿಕಲ್ ಅಂಗಡಿಗೆ ಕಾಲಿಡುತ್ತಲೇ ಕಿವಿಗೆ ಬಿದ್ದ ಅವನ ಮಾತು ಇದು. ಬಸವಕಲ್ಯಾಣದಿಂದ ಬಸ್ಸಿನಲ್ಲಿ ನಿಂತೇ ಬಂದವಳಿಗೆ ಒಂದು ಲೋಟ ನೀರಾದರೂ ಸಿಕ್ಕೀತು ಅಂದುಕೊಂಡಿದ್ದೆ. ಎಲ್ಲಿಯ ನೀರು? ಅಂಗಡಿ ತುಂಬ ಗಿರಾಕಿಗಳು, ಎಲ್ಲರ ಕಣ್ಣೂ ರೇಣುಕಾಳ ಮೇಲೆ.

ರೇಣುಕಾ ದುಬಲಗುಂಡಿಯವಳು. ಅಣ್ಣನ ಕೌಂಟರಿನಲ್ಲಿ ಔಷಧಿ ಕೊಡುವ ಕೆಲಸ. ಕಂಪ್ಯೂಟರ್ ತೋರಿಸುವುದಕ್ಕಿಂತ ಕಪಾಟಿನಲ್ಲಿ ಬಿ.ಪಿ. ಗುಳಿಗೆ ಕಡಿಮೆ ಇವೆಯಂತೆ. ಕೌಂಟರಿನಲ್ಲಿ ಇರುವವರು ಅಣ್ಣ, ಆಕೆ ಇಬ್ಬರೇ. ಇನ್ನು ಕದ್ದವರು ಯಾರು? (ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಅನ್ನುವುದು ಅಣ್ಣನ ಧರ್ಮ.)

ಆಕೆ ಚೀಲ ಸುರಿದಳು. ಟಿಫಿನ್ ಡಬ್ಬಿ, ಬಾಚಣಿಕೆ, ಆಮೇಲೆ ಅದೇ ಗುಳಿಗೆಯ ಒಂದು ಸ್ಟ್ರಿಪ್ಪು. ಹಿಂದೆ ಯಾರೋ ಲೊಚಗುಟ್ಟಿದರು.

"ನಮ್ಮವ್ವಂದು ಅದ್ರಿ. ನಿನ್ನಿ ರೊಕ್ಕ ಕೊಟ್ಟೇ ತಗೊಂಡೀನಿ."

ಅಣ್ಣ ನಕ್ಕ. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ನಿನ್ನೆಯ ಬಿಲ್ ತೆಗೆದು ನೋಡೋ ಮಹಾರಾಯ ಅಂದೆ. ಕೇಳಬೇಕಲ್ಲ? ಪೊಲೀಸರ ಮಾತು ತೆಗೆದ.

ಸಿಟ್ಟಿಗೆ ಆ ಸ್ಟ್ರಿಪ್ಪನ್ನೇ ಕಸಿದುಕೊಂಡೆ. ನಮ್ಮ ಯಜಮಾನರೂ ಅದೇ ಗುಳಿಗೆ ನುಂಗುವವರು. ಮನೆಯಲ್ಲಿರುವ ಸ್ಟ್ರಿಪ್ಪು ಉದ್ದ, ಇದು ಮೋಟು. ಎಣಿಸಿದರೆ ಹತ್ತು. ನಮ್ಮದರಲ್ಲಿ ಹದಿನೈದು! ಕಂಪ್ಯೂಟರಿನಲ್ಲಿ ಸ್ಟ್ರಿಪ್ಪಿಗೆ ಎಷ್ಟು ಅಂತ ಹಾಕಿದ್ದೀ ಅಂದೆ. ಅಣ್ಣ ನೋಡಿದ. ಹದಿನೈದು.

ಕಂಪನಿ ಪ್ಯಾಕಿಂಗ್ ಬದಲಿಸಿದೆ. ಅಣ್ಣ ಖರೀದಿಯನ್ನು ಸ್ಟ್ರಿಪ್ಪಿನ ಲೆಕ್ಕದಲ್ಲಿ ಹಾಕುತ್ತಾನೆ, ಸಾಫ್ಟ್‌ವೇರ್ ಅದನ್ನು ಹದಿನೈದರಿಂದ ಗುಣಿಸಿಕೊಳ್ಳುತ್ತದೆ. ನಮ್ಮ ಕಡೆ ಇಡೀ ಸ್ಟ್ರಿಪ್ಪು ಒಯ್ಯುವವರು ಎಷ್ಟು ಮಂದಿ? ಎರಡು ದಿನದ್ದು, ಮೂರು ದಿನದ್ದು ಅಂತ ಕತ್ತರಿಸಿ ಕೊಡಬೇಕು, ಬಿಲ್ಲೂ ಬಿಡಿ ಗುಳಿಗೆಯದೇ. ಹೀಗಾಗಿ ಪ್ರತಿ ಹೊಸ ಸ್ಟ್ರಿಪ್ಪಿನಲ್ಲೂ ಐದು ಗುಳಿಗೆ ಬರೀ ಪರದೆಯ ಮೇಲಿದ್ದವು. ಅಂಗಡಿಗೆ ಬಾರದೇ ಇದ್ದ ಗುಳಿಗೆಗಳನ್ನು ರೇಣುಕಾ ಕದ್ದಿದ್ದಳು!

ಅಣ್ಣ ಗಡಬಡಿಸಿ ಹದಿನೈದು ಅಳಿಸಿ ಹತ್ತು ಮಾಡಿದ. ಹಳೆಯ ಉದ್ದ ಸ್ಟ್ರಿಪ್ಪುಗಳೂ ಲೆಕ್ಕದಲ್ಲಿ ಹತ್ತಾದವು. ಈಗ ಪರದೆಗಿಂತ ಕಪಾಟಿನಲ್ಲೇ ಗುಳಿಗೆ ಹೆಚ್ಚು. ಇದಕ್ಕೇನು ಅನ್ನೋಣ? ಕದ್ದವಳೇ ತಂದಿಟ್ಟಳೇ? ಕೊನೆಗೆ ಸಾಫ್ಟ್‌ವೇರಿನವನಿಗೆ ಫೋನ್ ಹೋಯಿತು. ಹಳೆಯದು ಮತ್ತೆ ಹದಿನೈದೇ ಇರಲಿ, ಹೊಸ ಪ್ಯಾಕಿಗೆ ಬೇರೆ ಐಟಂ ಮಾಡಿ ಅಂದ. ಹಾಗೆ ಮಾಡಿದ ಮೇಲೆ ಲೆಕ್ಕ ಕೂಡಿತು.

ಅಷ್ಟೊತ್ತಿಗೆ ಅಂಗಡಿ ಖಾಲಿ. ಅಣ್ಣ ರೇಣುಕಾಳ ಹತ್ತಿರ ಹೋಗಿ, ಪಕ್ಕದಲ್ಲೇ ಇದ್ದ ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, ತಪ್ಪಾಯಿತು ಅಂದ.

ಆಕೆ ತಲೆ ಎತ್ತಲಿಲ್ಲ. ಸುರಿದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಲೇ ಹೇಳಿದಳು.

"ಮಂದಿ ಬಂದ ಮ್ಯಾಲ ಅನ್ರಿ, ಅಣ್ಣಾರ."

ಆಮೇಲೆ ಮಂದಿ ಬಂದರು, ಹೋದರು. ಅವರೆದುರು ತಪ್ಪಾಯಿತು ಅನ್ನಲು ಅಣ್ಣನ ಬಾಯಿ ಇನ್ನೂ ಬಿಚ್ಚಿಲ್ಲ.